ಗ್ರೀಕರು ಯಾರನ್ನು ತಮ್ಮವರೆಂದರು? – ಓದುಗರ ಪ್ರಶ್ನೆಗಳಿಗೆ ಉತ್ತರ

ಅಲೆಕ್ಸಾಂಡರನ ಭಾರತ ದಂಡಯಾತ್ರೆಯನ್ನು ಕುರಿತು ಈ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಕೊಡಗಿನ ಹಲವು ಓದುಗರು ಪತ್ರ ಬರೆದಿದ್ದಾರೆ. ಕುಲ, ಮೈಬಣ್ಣ, ಊರಿನ ಹಕ್ಕು ಇವುಗಳ ಬಗ್ಗೆ ಪ್ರಾಚೀನ ಗ್ರೀಕರು ಏನು ಭಾವಿಸಿದ್ದರೆಂಬ ಒಂದೇ ವಿಷಯದ ಸುತ್ತ ಇರುವ ನಾಲ್ಕು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ಕೊಡವರು ಅಲೆಕ್ಸಾಂಡರನ ಸೈನಿಕರ ವಂಶದವರೆಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ನೀಳವಾದ ಮೂಗು, ಕುಪ್ಯಚೇಲೆಯ ಉಡುಪು, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಸೈನ್ಯದ ಕಡೆಗಿನ ಒಲವು ಇವನ್ನೆಲ್ಲ ಸಾಕ್ಷಿಯೆಂದು ಹೇಳುವವರಿದ್ದಾರೆ. ನನ್ನ ಮೊಮ್ಮಗಳು ಶಾಲೆಯಲ್ಲಿ ಈ ವಿಷಯವಾಗಿ ಮಾತನಾಡಬೇಕಂತೆ. ಅವಳಿಗೆ ಏನು ಹೇಳಿಕೊಡಲಿ?
– ಹಿರಿಯ ಓದುಗರು, ವಿರಾಜಪೇಟೆ

ಉತ್ತರ: ಮೊದಲು ಅವಳ ಮುಂದೆ ಭೂಪಟವನ್ನು ಬಿಚ್ಚಿಡಿ. ಅಲೆಕ್ಸಾಂಡರನು ಝೀಲಂ ನದಿಯ ದಡದಲ್ಲಿ ಪೋರಸ್ ದೊರೆಯೊಡನೆ ಕಾದಿದ್ದು ಕ್ರಿ.ಪೂ. 326ರಲ್ಲಿ. ಅದೇ ವರ್ಷ ಬಿಯಾಸ್ ನದಿಯ ಬಳಿ ಅವನ ಸೈನಿಕರು ಇನ್ನು ಮುಂದಕ್ಕೆ ಬರುವುದಿಲ್ಲವೆಂದು ಪಟ್ಟು ಹಿಡಿದರು. ಆಮೇಲೆ ಸೇನೆ ಸಿಂಧೂ ಕಣಿವೆಯಲ್ಲಿ ಸಮುದ್ರದ ಕಡೆಗೆ ಇಳಿಯಿತು. ಅದರ ಒಂದು ಭಾಗ ಕ್ರೇಟರಸ್ ಎಂಬ ಸೇನಾನಿಯೊಡನೆ ಇಂದಿನ ಅಫ್ಘಾನಿಸ್ತಾನದ ಮಾರ್ಗವಾಗಿಯೂ, ಇನ್ನೊಂದು ಭಾಗ ನಿಯರ್ಕಸ್‌ನ ಹಡಗುಗಳಲ್ಲಿಯೂ, ಉಳಿದದ್ದು ಅಲೆಕ್ಸಾಂಡರನೊಡನೆ ಮಕ್ರಾನಿನ ಮರುಭೂಮಿಯ ಮೂಲಕವೂ ಪಶ್ಚಿಮಕ್ಕೆ ಮರಳಿತು. ಬಿಯಾಸ್ ದಡದಿಂದ ಕೊಡಗಿನ ಬ್ರಹ್ಮಗಿರಿಗೆ ಎರಡು ಸಾವಿರ ಕಿಲೋಮೀಟರಿನಷ್ಟು ದೂರವಿದೆ. ಈ ದಂಡಯಾತ್ರೆಯನ್ನು ವಿವರವಾಗಿ ಬರೆದ ಅರಿಯನ್ ಆಗಲಿ, ಕರ್ಟಿಯಸ್ ಆಗಲಿ, ಪ್ಲೂಟಾರ್ಕ್ ಆಗಲಿ, ಯಾವುದೋ ತುಕಡಿ ದಕ್ಷಿಣಕ್ಕೆ ತಿರುಗಿ ಸಹ್ಯಾದ್ರಿಯನ್ನು ಸೇರಿತೆಂದು ಎಲ್ಲಿಯೂ ಹೇಳುವುದಿಲ್ಲ. ಕೊಡವ ಭಾಷೆಯಂತೂ ದ್ರಾವಿಡ ಕುಟುಂಬಕ್ಕೆ ಸೇರಿದ್ದು. ಮೂಗು, ಉಡುಪು, ಶೌರ್ಯ ಇವು ಒಬ್ಬರ ವಂಶಾವಳಿಯನ್ನು ಸಿದ್ಧಮಾಡಿ ತೋರಿಸುವಂಥವಲ್ಲ. ಆದ್ದರಿಂದ ಈ ಕಥೆಗೆ ಚರಿತ್ರೆಯ ಆಧಾರವಿಲ್ಲವೆಂದು ಮೊಮ್ಮಗಳು ಧೈರ್ಯವಾಗಿ ಹೇಳಬಹುದು.

ಆದರೆ ಅವಳು ಅಲ್ಲಿಗೇ ನಿಲ್ಲಿಸಬಾರದು. ಹೆಸರುವಾಸಿಯಾದ ಪೂರ್ವಜರೊಡನೆ ನಂಟನ್ನು ಹೇಳಿಕೊಳ್ಳುವುದು ಗ್ರೀಕರ ಲೋಕದಲ್ಲಿ ನಿತ್ಯದ ರಾಜಕಾರಣವಾಗಿತ್ತು. ಅರಿಯನ್ ಹೇಳುವ ಒಂದು ಪ್ರಸಂಗವನ್ನು ನೋಡಿ. ಸಿಂಧೂ ನದಿಯ ಪಶ್ಚಿಮಕ್ಕೆ ನೈಸಾ ಎಂಬ ಊರಿತ್ತು. ಅಲೆಕ್ಸಾಂಡರನ ಸೇನೆ ಅಲ್ಲಿಗೆ ಬಂದಾಗ ಅಕೂಫಿಸ್ ಎಂಬ ಮುಖಂಡನು ಊರಿನ ಪರವಾಗಿ ಅವನ ಡೇರೆಗೆ ಹೋಗಿ, ತಮ್ಮ ಊರನ್ನು ಕಟ್ಟಿದವನು ಗ್ರೀಕರ ದೇವರಾದ ಡಯೊನೈಸಸ್ ಎಂದೂ, ಭಾರತದಲ್ಲಿ ಬೇರೆಲ್ಲೂ ಬೆಳೆಯದ, ಆ ದೇವರಿಗೆ ಮೀಸಲಾದ ಐವಿ ಬಳ್ಳಿ ತಮ್ಮಲ್ಲಿ ಬೆಳೆಯುವುದೇ ಅದಕ್ಕೆ ಸಾಕ್ಷಿಯೆಂದೂ ಬಿನ್ನವಿಸಿಕೊಂಡನು. ಅಲೆಕ್ಸಾಂಡರನಿಗೆ ಹಿಗ್ಗಾಯಿತು, ಊರಿನ ಸ್ವಾತಂತ್ರ್ಯ ಉಳಿಯಿತು. ಮುನ್ನೂರು ಕುದುರೆ ಸವಾರರನ್ನೂ ಊರಿನ ಶ್ರೇಷ್ಠರಾದ ನೂರು ಮಂದಿಯನ್ನೂ ತನ್ನೊಡನೆ ಕಳುಹಿಸಬೇಕೆಂದು ಅವನು ಕೇಳಿದಾಗ ಅಕೂಫಿಸ್ ಮುಗುಳ್ನಕ್ಕು, ನೂರು ಮಂದಿ ಒಳ್ಳೆಯವರನ್ನು ಕಳೆದುಕೊಂಡ ಊರು ಆಳ್ವಿಕೆ ನಡೆಸುವುದು ಹೇಗೆ, ಬೇಕಿದ್ದರೆ ಕೆಟ್ಟವರನ್ನು ಇನ್ನೂರು ಮಂದಿ ಕರೆದುಕೊಂಡು ಹೋಗಿ ಎಂದನಂತೆ. ಅಲೆಕ್ಸಾಂಡರನು ಆ ನೂರು ಮಂದಿಯ ಬೇಡಿಕೆಯನ್ನು ಕೈಬಿಟ್ಟನು. ಇಂಥ ದೈವಿಕ ನಂಟಿನ ಕಥೆಗಳನ್ನು ಅಲೆಕ್ಸಾಂಡರನನ್ನು ಮೆಚ್ಚಿಸಲು ಉಬ್ಬಿಸಲಾಗಿತ್ತೆಂದು ಎರಟಾಸ್ತನೀಸ್ ಎಂಬ ವಿದ್ವಾಂಸ ಅಂದೇ ಅನುಮಾನಿಸಿದ್ದನು. ಅನುಮಾನ ಸರಿಯೇ ಆಗಿದ್ದರೂ ಆ ಕಥೆ ಒಂದು ಊರನ್ನು ಉಳಿಸಿತೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಅಲೆಕ್ಸಾಂಡರನ ಮೆಸಿಡೋನಿಯಾದವರು ಗ್ರೀಕರೇ ಅಲ್ಲವೇ ಎಂಬುದೇ ಆ ಕಾಲದಲ್ಲಿ ಜಗಳದ ವಿಷಯವಾಗಿತ್ತು. ಅವನ ಪೂರ್ವಿಕನಾದ, ಅದೇ ಹೆಸರಿನ ಮೊದಲನೆಯ ಅಲೆಕ್ಸಾಂಡರನು ಒಲಿಂಪಿಯಾದ ಓಟದ ಸ್ಪರ್ಧೆಗೆ ಇಳಿಯಲು ಬಂದಾಗ, ಇದು ಗ್ರೀಕರಿಗೆ ಮಾತ್ರ ಮೀಸಲಾದ ಪಂದ್ಯವೆಂದು ಉಳಿದ ಓಟಗಾರರು ತಕರಾರು ಎತ್ತಿದರು. ತನ್ನ ಮನೆತನ ಆರ್ಗಾಸ್ ನಗರದಿಂದ ಬಂದದ್ದೆಂದು ಅವನು ತೋರಿಸಿಕೊಟ್ಟ ಮೇಲೆ ತೀರ್ಪುಗಾರರು ಒಪ್ಪಿದರೆಂದೂ, ಓಟದಲ್ಲಿ ಅವನು ಮೊದಲ ಸ್ಥಾನವನ್ನು ಇನ್ನೊಬ್ಬನೊಡನೆ ಹಂಚಿಕೊಂಡನೆಂದೂ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ರಾಜನಿಗೆ ಸಿಕ್ಕ ಈ ಮಾನ್ಯತೆ ಅವನ ಪ್ರಜೆಗಳಿಗೆ ತಾನಾಗಿ ಸಿಗಲಿಲ್ಲ. ಕ್ರಿ.ಪೂ. 341ರಲ್ಲಿ ವಾಗ್ಮಿ ಡೆಮಾಸ್ತನೀಸನು ಅಥೆನ್ಸಿನ ಸಭೆಯಲ್ಲಿ ಮಾತನಾಡುತ್ತ ಅಲೆಕ್ಸಾಂಡರನ ತಂದೆ ಫಿಲಿಪ್ಪನನ್ನು ಗ್ರೀಕನಲ್ಲ, ಗ್ರೀಕರ ನೆಂಟನೂ ಅಲ್ಲ, ಹಿಂದೆ ಒಬ್ಬ ಒಳ್ಳೆಯ ಗುಲಾಮನನ್ನೂ ಕೊಳ್ಳಲು ಸಿಗದಿದ್ದ ಸೀಮೆಯವನು ಎಂದು ಹೀಯಾಳಿಸಿದನು. ಹೀಗಿರುವಾಗ ಝೀಲಂ ದಡದಲ್ಲಿ ನಿಂತಿದ್ದ ಸೈನಿಕರಲ್ಲಿ ಎಷ್ಟು ಮಂದಿ ‘ಗ್ರೀಕರು’ ಎಂದು ಕೇಳಿದರೆ, ಉತ್ತರ ಹೇಳುವವನು ಅಥೆನ್ಸಿನವನೋ ಮೆಸಿಡೋನಿಯಾದವನೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತಿತ್ತು.

ಹಾಗಾದರೆ ಗ್ರೀಕರಿಗೆ ಒಂದು ಅಳತೆಗೋಲು ಇರಲಿಲ್ಲವೇ? ಇತ್ತು, ಆದರೆ ಒಂದಲ್ಲ. ಕ್ರಿ.ಪೂ. 480ರಿಂದ 479ರವರೆಗಿನ ಚಳಿಗಾಲದಲ್ಲಿ, ಅಥೆನ್ಸಿನವರು ಪರ್ಷಿಯಾದೊಡನೆ ರಾಜಿಯಾಗಿಬಿಡಬಹುದೆಂದು ಸ್ಪಾರ್ಟಾದವರು ಹೆದರಿದಾಗ, ಅಥೆನ್ಸ್ ಕೊಟ್ಟ ಉತ್ತರವನ್ನು ಹೆರೊಡೋಟಸ್ ದಾಖಲಿಸಿದ್ದಾನೆ. ಗ್ರೀಕರೆಲ್ಲರ ರಕ್ತ ಒಂದೇ, ನುಡಿ ಒಂದೇ, ದೇವಸ್ಥಾನಗಳೂ ಬಲಿಪೂಜೆಗಳೂ ಸಮಾನವಾದವು, ನಡೆನುಡಿಯೂ ಒಂದೇ ಬಗೆಯದು, ಇದಕ್ಕೆ ನಾವು ದ್ರೋಹ ಬಗೆಯುವುದಿಲ್ಲ ಎಂಬುದು ಅದರ ಸಾರ. ಮಾತೇನೋ ಗಂಭೀರವಾದದ್ದೇ. ಆದರೂ ಕೆಲವು ತಿಂಗಳ ಬಳಿಕ ಪ್ಲಟೀಯ ಎಂಬಲ್ಲಿ ನಡೆದ ಯುದ್ಧದಲ್ಲಿ ಅದೇ ರಕ್ತದ, ಅದೇ ನುಡಿಯ ಥೀಬ್ಸಿನವರು ಪರ್ಷಿಯಾದ ಪಕ್ಷದಲ್ಲಿ ನಿಂತು ಕಾದಿದರು. ರಕ್ತ ಒಂದೇ ಎಂಬುದಕ್ಕೂ ಒಂದು ಕಥೆಯ ಆಸರೆ ಇತ್ತು: ಹೆಲೆನ್ ಎಂಬ ಮೂಲಪುರುಷನಿಂದ ಡೋರಿಯನ್, ಅಯೋಲಿಯನ್, ಅಯೋನಿಯನ್, ಅಕೇಯನ್ ಎಂಬ ಗ್ರೀಕರ ಶಾಖೆಗಳೆಲ್ಲ ಕವಲೊಡೆದವೆಂಬುದೇ ಆ ಕಥೆ. ಕಾವೇರಿ ಮಾಹಾತ್ಮ್ಯದಲ್ಲಿ ಮತ್ಸ್ಯದೇಶದ ರಾಜಕುಮಾರ ಚಂದ್ರವರ್ಮನು ಕೊಡಗಿನವರ ಮೂಲಪುರುಷನಾಗಿ ಬರುವುದನ್ನು ಬಲ್ಲ ತಮಗೆ ಇಂಥ ಕಥೆಯ ಬಗೆ ಹೊಸದೇನಲ್ಲ. ಇತಿಹಾಸಕಾರ ಥೂಸಿಡಿಡೀಸ್ ಮಾತ್ರ ಇದನ್ನು ಎಚ್ಚರದಿಂದ ನೋಡಿದನು. ಕವಿ ಹೋಮರನು ಟ್ರಾಯ್ ಯುದ್ಧಕ್ಕೆ ಹೋದವರೆಲ್ಲರಿಗೂ ಒಂದೇ ಹೆಸರನ್ನು ಕೊಟ್ಟಿಲ್ಲವೆಂಬುದನ್ನು ಗಮನಿಸಿ, ಗ್ರೀಕರು ತಾವೆಲ್ಲ ಒಂದು ಜನವೆಂದು ಭಾವಿಸತೊಡಗಿದ್ದು ಬಹಳ ತಡವಾಗಿ ಎಂಬ ತೀರ್ಮಾನಕ್ಕೆ ಅವನು ಬಂದನು.

ಮೊಮ್ಮಗಳಿಗೆ ನಾನಾದರೆ ಈ ಕೊನೆಯ ಮಾತನ್ನೇ ಒತ್ತಿ ಹೇಳಿಕೊಡುತ್ತಿದ್ದೆ. ಕೊಡವರ ಒಕ್ಕ ಎಂಬ ಮನೆತನ, ಅದರ ಮೂಲಮನೆಯಾದ ಐನ್‌ಮನೆ, ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳು ಇವು ಯಾವ ಪರದೇಶದ ಸೈನಿಕನ ಶಿಫಾರಸೂ ಇಲ್ಲದೆ ಅಧ್ಯಯನಕ್ಕೆ ಯೋಗ್ಯವಾದವು.

ಪ್ರಶ್ನೆ: ಗ್ರೀಕರು ಬಿಳಿಯರು, ಕಪ್ಪು ಜನರನ್ನು ಕೀಳಾಗಿ ಕಂಡವರಲ್ಲಿ ಅವರೇ ಮೊದಲಿಗರು ಎಂದು ಒಂದು ಚರ್ಚೆಯಲ್ಲಿ ಕೇಳಿದೆ. ಇದು ನಿಜವೇ?
– ಪದವಿ ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಇಂದಿನ ಅರ್ಥದಲ್ಲಿ ‘ಬಿಳಿಯ ಜನಾಂಗ’ ಎಂಬ ಕಲ್ಪನೆ ಗ್ರೀಕರಲ್ಲಿ ಇರಲಿಲ್ಲ. ಅವರು ತಮ್ಮನ್ನು ಬಿಳಿಯರೆಂದು ಗುರುತಿಸಿಕೊಂಡವರೇ ಅಲ್ಲ. ಹಳೆಯ ಗ್ರೀಕ್ ಮಡಕೆಗಳ ಮೇಲಿನ ಚಿತ್ರಗಳಲ್ಲಿ ಗಂಡಸರ ಮೈಗೆ ಕಪ್ಪು, ಹೆಂಗಸರ ಮೈಗೆ ಬಿಳಿ ಬಳಿಯುವ ಪದ್ಧತಿಯಿತ್ತು. ಬಯಲಿನಲ್ಲಿ ಬಿಸಿಲಿಗೆ ಮೈಯೊಡ್ಡಿದವನು ಗಂಡಸು, ಬಿಳುಚಿಕೊಂಡವನು ಮನೆಯೊಳಗೆ ಕುಳಿತವನು ಎಂಬುದು ಅವರ ಎಣಿಕೆ. ಗ್ರೀಕ್ ಲೇಖಕ ಝೆನೊಫನ್ ಹೇಳುವ ಒಂದು ಘಟನೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಸ್ಪಾರ್ಟಾದ ದೊರೆ ಅಜೆಸಿಲೌಸ್ ಏಷ್ಯಾ ಮೈನರಿನಲ್ಲಿ ಪರ್ಷಿಯನ್ನರ ಮೇಲೆ ಯುದ್ಧ ಹೂಡಿದ್ದಾಗ, ಎಫೆಸಸ್ ನಗರದಲ್ಲಿ ಸೆರೆಯಾಳುಗಳನ್ನು ಬಟ್ಟೆ ಬಿಚ್ಚಿಸಿ ಹರಾಜಿಗೆ ನಿಲ್ಲಿಸುವಂತೆ ಅಪ್ಪಣೆ ಮಾಡಿದನು. ಎಂದೂ ಬಟ್ಟೆ ತೆಗೆದು ದುಡಿಯದ ಅವರ ಮೈ ಬೆಳ್ಳಗೂ ಮೆತ್ತಗೂ ಇರುವುದನ್ನು ಕಂಡ ಅವನ ಸೈನಿಕರು, ಈ ಯುದ್ಧ ಹೆಂಗಸರೊಡನೆ ಹೋರಾಡಿದಷ್ಟೇ ಸುಲಭವೆಂದುಕೊಂಡರಂತೆ. ಇಲ್ಲಿ ಕೀಳೆನಿಸಿದ್ದು ಬಿಳಿ ಮೈ. ಆ ತಿರಸ್ಕಾರದೊಳಗೆ ಹೆಣ್ಣಿನ ಬಗೆಗಿನ ಅವರ ತಿರಸ್ಕಾರವೂ ಸೇರಿಕೊಂಡಿದೆ.

ಕಪ್ಪು ಮೈಯ ಇಥಿಯೋಪಿಯನ್ನರನ್ನು ಹೋಮರನು ಗೌರವದಿಂದಲೇ ನೆನೆಯುತ್ತಾನೆ. ಅವರ ಔತಣಕ್ಕೆ ದೇವತೆಗಳೇ ಹೋಗುತ್ತಾರೆ. ಒಡಿಸ್ಯೂಸನು ತನ್ನ ಸಂಗಡಿಗರೆಲ್ಲರಿಗಿಂತ ಹೆಚ್ಚಾಗಿ ಮನ್ನಿಸುತ್ತಿದ್ದ ಯೂರಿಬೆಟಿಸ್ ಎಂಬ ಸಾರುವವನು ಕಪ್ಪು ಮೈಯ, ಗುಂಗುರು ಕೂದಲಿನ ವ್ಯಕ್ತಿಯೆಂದು ಅದೇ ಕವಿ ವರ್ಣಿಸಿದ್ದಾನೆ. ಇಥಿಯೋಪಿಯನ್ನರು ತಮ್ಮ ದೇವರುಗಳಿಗೆ ಚಪ್ಪಟೆ ಮೂಗನ್ನೂ ಕಪ್ಪು ಬಣ್ಣವನ್ನೂ, ಗ್ರೀಸಿನ ಉತ್ತರಕ್ಕಿದ್ದ ಥ್ರೇಸಿನವರು ತಮ್ಮ ದೇವರುಗಳಿಗೆ ನೀಲಿ ಕಣ್ಣನ್ನೂ ಕೆಂಗೂದಲನ್ನೂ ಕೊಡುತ್ತಾರೆಂದು ಝೆನೊಫನೀಸ್ ಎಂಬ ಚಿಂತಕ ಹೇಳಿದಾಗ, ಎಲ್ಲರೂ ತಮ್ಮ ರೂಪದಲ್ಲೇ ದೇವರನ್ನು ಕಾಣುತ್ತಾರೆಂಬುದು ಅವನ ಅಭಿಪ್ರಾಯವಾಗಿತ್ತು.

ಇಷ್ಟನ್ನು ಕೇಳಿ ಗ್ರೀಕರು ಸಮದರ್ಶಿಗಳೆಂದು ತೀರ್ಮಾನಿಸಬೇಡಿ. ಮೇಲುಕೀಳನ್ನು ಅವರು ಬೇರೆ ದಾರಿಯಿಂದ ಕಟ್ಟಿದರು, ಅದರಲ್ಲಿ ಹವಾಮಾನದ ವಾದ ಬಹಳ ಪ್ರಬಲವಾದುದು. ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ, ಗಾಳಿ, ನೀರು, ನೆಲೆಗಳನ್ನು ಕುರಿತ ವೈದ್ಯಗ್ರಂಥವು ಕಪ್ಪು ಸಮುದ್ರದ ಪೂರ್ವಕ್ಕಿರುವ ಫೇಸಿಸ್ ನದಿಯ ಜನರನ್ನು ವರ್ಣಿಸುತ್ತ, ಜೌಗು ನೆಲ, ಎಡೆಬಿಡದ ಮಳೆ, ಮಂಜು ಇವುಗಳಿಂದಾಗಿ ಅವರ ದೇಹ ದಪ್ಪ, ಬಣ್ಣ ಹಳದಿ, ಶ್ರಮಕ್ಕೆ ಆಲಸ್ಯ ಎನ್ನುತ್ತದೆ. ಅರಿಸ್ಟಾಟಲನು ಇದೇ ಜಾಡನ್ನು ಹಿಡಿದು, ಚಳಿ ಸೀಮೆಯ ಯೂರೋಪಿನವರಿಗೆ ಕೆಚ್ಚುಂಟು ಬುದ್ಧಿ ಸಾಲದು, ಏಷ್ಯಾದವರಿಗೆ ಬುದ್ಧಿಯುಂಟು ಕೆಚ್ಚಿಲ್ಲ, ನಡುವಿನಲ್ಲಿರುವ ಗ್ರೀಕರಿಗೆ ಎರಡೂ ಉಂಟು, ಒಂದೇ ಆಡಳಿತ ದೊರೆತರೆ ಅವರು ಎಲ್ಲರನ್ನೂ ಆಳಬಲ್ಲರು ಎಂದನು. ಗ್ರೀಕೇತರರು ಹುಟ್ಟಿನಿಂದಲೇ ಗುಲಾಮಗಿರಿಗೆ ತಕ್ಕವರೆಂಬ ವಾದವನ್ನು ಸಮರ್ಥಿಸಿದವನೂ ಅವನೇ. ಅಷ್ಟು ದೊಡ್ಡ ಬುದ್ಧಿಶಾಲಿ ಇಷ್ಟು ಕೆಟ್ಟ ವಾದಕ್ಕೆ ಕೈಹಾಕಿದ್ದು ನನಗೆ ಇಂದಿಗೂ ನೋವಿನ ಸಂಗತಿ, ಏಕೆಂದರೆ ಮುಂದಿನ ಶತಮಾನಗಳಲ್ಲಿ ಅಮೆರಿಕದ ಮೂಲನಿವಾಸಿಗಳನ್ನು ತುಳಿದವರು ಅವನ ಆ ಪುಟಗಳನ್ನೇ ಮುಂದಿಟ್ಟರು. ಅಥೆನ್ಸಿನಲ್ಲಿ ಕ್ರಿ.ಪೂ. 414ರ ಸುಮಾರಿಗೆ ಶಿಕ್ಷೆಗೊಳಗಾದವರ ಆಸ್ತಿಯನ್ನು ಹರಾಜು ಹಾಕಿದಾಗ ಕೆತ್ತಿಸಿದ ಕಲ್ಲುಗಳು ಸಿಕ್ಕಿವೆ. ಮಾರಾಟವಾದ ಗುಲಾಮರನ್ನು ಅಲ್ಲಿ ಥ್ರೇಸಿನವನು, ಕೇರಿಯಾದವನು, ಸಿರಿಯಾದವನು, ಇಲಿರಿಯಾದವನು, ಸಿಥಿಯಾದವನು ಎಂದು ಊರಿನಿಂದ ಗುರುತಿಸಿ ಬೆಲೆ ಬರೆಯಲಾಗಿದೆ.

ಇದನ್ನು ವಿರೋಧಿಸಿದವರೂ ಗ್ರೀಕರಲ್ಲೇ ಇದ್ದರು. ಎಲ್ಲರೂ ಬಾಯಿ ಮೂಗುಗಳಿಂದಲೇ ಉಸಿರಾಡುತ್ತೇವೆ, ಹುಟ್ಟಿನಲ್ಲಿ ಗ್ರೀಕ, ಗ್ರೀಕೇತರ ಎಂಬ ಭೇದವಿಲ್ಲ ಎಂದು ಚಿಂತಕ ಆಂಟಿಫನ್ ಬರೆದನು. ಮನುಷ್ಯರನ್ನು ಗ್ರೀಕರು ಮತ್ತು ಉಳಿದವರೆಲ್ಲ ಎಂದು ಎರಡಾಗಿ ವಿಂಗಡಿಸುವುದು ತರ್ಕದ ದೋಷವೆಂದು ಪ್ಲೇಟೋ ತನ್ನ ಒಂದು ಸಂವಾದದಲ್ಲಿ ತೋರಿಸುತ್ತಾನೆ. ಕೊಕ್ಕರೆಗಳಿಗೆ ಬುದ್ಧಿಯಿದ್ದಿದ್ದರೆ ಅವು ತಮ್ಮನ್ನು ಒಂದು ಗುಂಪಾಗಿಸಿಕೊಂಡು, ಮನುಷ್ಯರೂ ಸೇರಿದಂತೆ ಉಳಿದ ಪ್ರಾಣಿಗಳನ್ನೆಲ್ಲ ಇನ್ನೊಂದು ಗುಂಪಿಗೆ ತಳ್ಳುತ್ತಿದ್ದವು ಎಂಬುದು ಅಲ್ಲಿ ಬರುವ ಉದಾಹರಣೆ.

ಪ್ರಶ್ನೆ: ನನ್ನ ಅಜ್ಜ ಕಾಫಿ ತೋಟದ ಕೆಲಸಕ್ಕೆಂದು ಹೊರಜಿಲ್ಲೆಯಿಂದ ಇಲ್ಲಿಗೆ ಬಂದವರು. ನಾನು ಹುಟ್ಟಿದ್ದು, ಓದಿದ್ದು, ದುಡಿಯುತ್ತಿರುವುದು ಎಲ್ಲವೂ ಇಲ್ಲಿಯೇ. ಆದರೂ ‘ನಿಮ್ಮ ಮೂಲ ಯಾವುದು’ ಎಂಬ ಪ್ರಶ್ನೆ ತಪ್ಪಿಲ್ಲ. ಪ್ರಜಾಪ್ರಭುತ್ವದ ತವರೆನಿಸಿದ ಅಥೆನ್ಸಿನಲ್ಲಿ ಹೊರಗಿನಿಂದ ಬಂದವರ ಮಕ್ಕಳು ಊರಿನವರಾಗುತ್ತಿದ್ದರೇ?
– ಓದುಗರು, ಪೊನ್ನಂಪೇಟೆ

ಉತ್ತರ: ತಮ್ಮ ಪ್ರಶ್ನೆಯಲ್ಲಿರುವ ನೋವು ನನಗೆ ಅರ್ಥವಾಗುತ್ತದೆ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ಇಲ್ಲ, ಸಾಮಾನ್ಯವಾಗಿ ಆಗುತ್ತಿರಲಿಲ್ಲ. ಎಷ್ಟೇ ತಲೆಮಾರು ಕಳೆದರೂ ಅವರು ‘ಮೆಟಿಕ್’ ಎಂಬ ವರ್ಗದಲ್ಲಿ ಉಳಿಯುತ್ತಿದ್ದರು. ಗಂಡಸಿಗೆ ವರ್ಷಕ್ಕೆ 12 ಡ್ರಾಕ್ಮಾ (ಬೆಳ್ಳಿಯ ನಾಣ್ಯ), ಸ್ವತಂತ್ರವಾಗಿ ಬದುಕುವ ಹೆಂಗಸಿಗೆ 6 ಡ್ರಾಕ್ಮಾ ತಲೆಗಂದಾಯವಿತ್ತು. ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾಗಿತ್ತು, ಆದರೆ ಭೂಮಿಯನ್ನಾಗಲಿ ಮನೆಯನ್ನಾಗಲಿ ಹೊಂದುವ ಹಕ್ಕಾಗಲಿ, ಸಭೆಯಲ್ಲಿ ಮತವಾಗಲಿ ಇರಲಿಲ್ಲ. ಅಥೆನ್ಸಿನವರು ತಾವು ಆ ಮಣ್ಣಿನಿಂದಲೇ ಮೂಡಿಬಂದವರು, ಬೇರೆಲ್ಲಿಂದಲೂ ವಲಸೆ ಬಂದವರಲ್ಲ ಎಂದು ಹೆಮ್ಮೆಪಡುತ್ತಿದ್ದುದು ಇದಕ್ಕೆ ಹಿನ್ನೆಲೆ.

ಮೊದಲು ಇಷ್ಟು ಬಿಗಿಯಿರಲಿಲ್ಲ. ಪ್ರಜಾಪ್ರಭುತ್ವದ ತಳಪಾಯ ಹಾಕಿದ ಕ್ಲೈಸ್ತನೀಸನ ತಾಯಿ ಸಿಸಿಯಾನ್ ನಗರದವಳು. ಸೇನಾನಿ ಸೈಮನ್‌ನ ತಾಯಿ ಥ್ರೇಸಿನ ರಾಜಕುಮಾರಿ. ಕ್ರಿ.ಪೂ. 451ರಲ್ಲಿ ಅಥೆನ್ಸಿನ ನಾಯಕ ಪೆರಿಕ್ಲಿಸ್ ತಂದ ಕಾನೂನು ತಾಯಿ ತಂದೆ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ಪೌರನೆಂದು ವಿಧಿಸಿತು. ಪೌರರ ಸಂಖ್ಯೆ ಹೆಚ್ಚಿದ್ದೇ ಇದಕ್ಕೆ ಕಾರಣವೆಂದು ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ಸಂವಿಧಾನದ ಗ್ರಂಥ ಹೇಳುತ್ತದೆ. ಹಂಚಿಕೊಳ್ಳಬೇಕಾದ ಲಾಭ ಎದುರಿಗೆ ಬಂದಾಗ ಕುಲದ ಲೆಕ್ಕ ಎಷ್ಟು ಕಟುವಾಗುತ್ತದೆಂಬುದು ಕೆಲವೇ ವರ್ಷಗಳಲ್ಲಿ ಕಂಡಿತು. ಈಜಿಪ್ಟಿನಿಂದ ಕಾಣಿಕೆಯಾಗಿ ಬಂದ ಧಾನ್ಯವನ್ನು ಪೌರರಿಗೆ ಹಂಚುವ ಸಂದರ್ಭದಲ್ಲಿ ಪಟ್ಟಿಯನ್ನು ಜಾಲಾಡಿದಾಗ ಸುಮಾರು ಐದು ಸಾವಿರ ಮಂದಿ ಹೊರಬಿದ್ದರೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಮುಂದೆ ಪೆರಿಕ್ಲಿಸನಿಗೇ ಆ ಕಾನೂನು ಅಡ್ಡಬಂತು. ಅವನ ಇಬ್ಬರು ಮಕ್ಕಳು ಪ್ಲೇಗಿನಲ್ಲಿ ತೀರಿಕೊಂಡ ಬಳಿಕ, ಮೈಲೀಟಸ್ ನಗರದ ಅಸ್ಪೇಸಿಯಾಳಲ್ಲಿ ಹುಟ್ಟಿದ ಮಗನಿಗೆ ಪೌರತ್ವ ಕೊಡಿಸಲು ಅವನು ಜನಸಭೆಯನ್ನು ಬೇಡಿಕೊಳ್ಳಬೇಕಾಯಿತು. ಜನ ಕನಿಕರದಿಂದ ಒಪ್ಪಿದರು.

‘ಮೂಲ ಯಾವುದು’ ಎಂಬ ಪ್ರಶ್ನೆಯನ್ನು ಅಥೆನ್ಸ್ ಅಧಿಕೃತವಾಗಿಯೇ ಕೇಳುತ್ತಿತ್ತು. ಆರ್ಕನ್ ಎಂಬ ಉನ್ನತ ಅಧಿಕಾರಕ್ಕೆ ಆಯ್ಕೆಯಾದವನನ್ನು ನಿಲ್ಲಿಸಿ, ನಿನ್ನ ತಂದೆ ಯಾರು, ಅವನದು ಯಾವ ಊರು, ತಂದೆಯ ತಂದೆ ಯಾರು, ತಾಯಿ ಯಾರು, ತಾಯಿಯ ತಂದೆ ಯಾರು, ನಿನ್ನ ಮನೆತನದ ಅಪೊಲೊ ಮತ್ತು ಅಂಗಳದ ಸ್ಯೂಸ್ ದೇವರ ಗುಡಿಗಳು ಎಲ್ಲಿವೆ, ಹಿರಿಯರ ಸಮಾಧಿಗಳು ಎಲ್ಲಿವೆ, ತಂದೆತಾಯಿಯರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ ಎಂದು ಒಂದೊಂದಾಗಿ ವಿಚಾರಿಸಿ, ಸಾಕ್ಷಿಗಳನ್ನು ಕರೆಸುತ್ತಿದ್ದರು. ಒಕ್ಕ, ಐನ್‌ಮನೆ, ಹಿರಿಯರ ಗುಡಿಗಳಾದ ಕೈಮಡಗಳ ಬಗ್ಗೆ ವಿಚಾರಿಸುವುದನ್ನು ಕೇಳಿ ಬಲ್ಲ ಈ ಸೀಮೆಯಲ್ಲಿ ಆ ಪ್ರಶ್ನೆಗಳ ಧಾಟಿ ಯಾರಿಗೂ ಅಪರಿಚಿತವೆನಿಸದು. ತಂದೆತಾಯಿಯರ ಆರೈಕೆಯ ಪ್ರಶ್ನೆಯನ್ನು ಸೇರಿಸಿದ್ದು ಮಾತ್ರ ನನಗೆ ಬಹಳ ಹಿಡಿಸಿದೆ. ಅಲ್ಲಿ ಹುಟ್ಟಿನ ಜೊತೆಗೆ ನಡತೆಯೂ ತೂಕಕ್ಕೆ ಬರುತ್ತಿತ್ತು.

ಇದರ ಅನ್ಯಾಯ ಎಷ್ಟು ಆಳವಾದದ್ದೆಂಬುದನ್ನು ಮೆಟಿಕನಾಗಿದ್ದ ಲಿಸಿಯಸ್‌ನ ಬದುಕು ಹೇಳುತ್ತದೆ. ಅವನ ತಂದೆ ಸೆಫಲಸ್ ಪೆರಿಕ್ಲಿಸನ ಆಹ್ವಾನದ ಮೇರೆಗೆ ಸಿಸಿಲಿಯ ಸಿರಾಕ್ಯೂಸಿನಿಂದ ಬಂದು ಪಿರಿಯಸ್ ಬಂದರಿನಲ್ಲಿ ನೆಲೆಸಿದವನು. ಅಥೆನ್ಸಿನಲ್ಲೇ ಹುಟ್ಟಿದ ಲಿಸಿಯಸ್ ಅಣ್ಣನೊಡನೆ ಗುರಾಣಿ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದನು. ಕ್ರಿ.ಪೂ. 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಮಂದಿ ಸರ್ವಾಧಿಕಾರಿಗಳು ಹಣದಾಸೆಯಿಂದ ಮೆಟಿಕರ ಮನೆಗಳಿಗೆ ನುಗ್ಗಿದರು. ಲಿಸಿಯಸ್ ಅತಿಥಿಗಳೊಡನೆ ಊಟಕ್ಕೆ ಕುಳಿತಿದ್ದಾಗ ಅವನನ್ನು ಹಿಡಿದರು. ಲಂಚ ಕೊಟ್ಟು ಹೇಗೋ ತಪ್ಪಿಸಿಕೊಂಡನು. ಅಣ್ಣ ಪೊಲೆಮಾರ್ಕಸನಿಗೆ ವಿಚಾರಣೆಯೂ ಇಲ್ಲದೆ ವಿಷ ಕುಡಿಸಿದರು. ಅತ್ತಿಗೆಯ ಕಿವಿಯಲ್ಲಿದ್ದ ಬಂಗಾರದ ಓಲೆಗಳನ್ನು ಕಿತ್ತುಕೊಂಡರು. 700 ಗುರಾಣಿಗಳು, 120 ಗುಲಾಮರು ಅವರ ವಶವಾದರು ಎಂದು ಅವನೇ ನ್ಯಾಯಾಲಯದಲ್ಲಿ ಹೇಳಿದ್ದಾನೆ. ತಾನೇ ಹೊರಗಿನವನೆಂದು ತುಳಿತಕ್ಕೆ ಸಿಕ್ಕ ಲಿಸಿಯಸ್ ಅಷ್ಟು ಮಂದಿ ಗುಲಾಮರಿಗೆ ಒಡೆಯನಾಗಿದ್ದನೆಂಬುದನ್ನು ಬಿಟ್ಟು ಈ ಕಥೆಯನ್ನು ಹೇಳಬಾರದು. ಪ್ರಜಾಪ್ರಭುತ್ವವನ್ನು ಮರಳಿ ತರುವ ಹೋರಾಟಕ್ಕೆ ಅವನು ಹಣವನ್ನೂ ಆಯುಧವನ್ನೂ ಕೊಟ್ಟನು. ಗೆದ್ದ ಮೇಲೆ ನಾಯಕ ಥ್ರಸಿಬುಲಸ್ ಅವನಿಗೆ ಪೌರತ್ವ ಕೊಡುವ ಠರಾವನ್ನು ಮಂಡಿಸಿದನು, ಸಭೆಯೂ ಒಪ್ಪಿತು. ಆದರೆ ಕ್ರಮದಲ್ಲಿ ಲೋಪವಿದೆಯೆಂಬ ಆಕ್ಷೇಪ ಬಂದು ಠರಾವು ರದ್ದಾಯಿತು. ಅಥೆನ್ಸಿನ ಪೌರರು ನ್ಯಾಯಾಲಯದಲ್ಲಿ ಓದುವ ಭಾಷಣಗಳನ್ನು ಬರೆದುಕೊಡುತ್ತ, ತಾನು ಪೌರನಾಗದೆಯೇ ಅವನು ಬಾಳಿದನು. ಆ ಭಾಷಣಗಳು ಇಂದಿಗೂ ಅಥೆನ್ಸಿನ ಶುದ್ಧ ಗದ್ಯಕ್ಕೆ ಮಾದರಿಯೆನಿಸಿವೆ.

ಅಥೆನ್ಸಿನ ಲೇಖಕ ಐಸಾಕ್ರಟೀಸನು ಕ್ರಿ.ಪೂ. 380ರ ಸುಮಾರಿಗೆ, ಗ್ರೀಕರೆಂಬ ಹೆಸರು ಹುಟ್ಟಿಗಿಂತ ಹೆಚ್ಚಾಗಿ ನಮ್ಮ ಶಿಕ್ಷಣವನ್ನು ಪಡೆದವರಿಗೆ ಸಲ್ಲುತ್ತದೆ ಎಂದು ಬರೆದನು. ಇದನ್ನು ಉದಾರವಾದ ಮಾತೆಂದು ಅನೇಕರು ಎತ್ತಿ ಹೇಳುತ್ತಾರೆ. ಆ ಬರಹದ ಸಂದರ್ಭ ಅಥೆನ್ಸಿನ ಹೊಗಳಿಕೆಯದು, ಹೊರಗಿನವರಿಗೆ ಹಕ್ಕು ಕೊಡಬೇಕೆಂಬ ವಾದ ಅಲ್ಲಿಲ್ಲ. ಶಿಕ್ಷಣದ ಅಳತೆಗೋಲಿನಲ್ಲಿ ಲಿಸಿಯಸ್‌ಗಿಂತ ದೊಡ್ಡ ಗ್ರೀಕನನ್ನು ಹುಡುಕುವುದು ಕಷ್ಟ. ಆದರೂ ಮತಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಪ್ರಶ್ನೆ: ಏಕಕಾಲಕ್ಕೆ ಗ್ರೀಕನೂ ಭಾರತೀಯನೂ ಎನಿಸಿಕೊಂಡವರು ಯಾರಾದರೂ ಇದ್ದರೇ?
– ಓದುಗರು, ಸೋಮವಾರಪೇಟೆ

ಉತ್ತರ: ಇದ್ದರು. ಮಧ್ಯಪ್ರದೇಶದ ವಿದಿಶಾ ಬಳಿಯ ಬೆಸ್‌ನಗರದಲ್ಲಿ ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಭಾಗದ ಒಂದು ಕಂಬವಿದೆ. ತಕ್ಷಶಿಲೆಯ ದಿಯನ್ ಎಂಬವನ ಮಗ ಹೆಲಿಯೊಡೋರಸ್, ಗ್ರೀಕ್ ದೊರೆ ಆಂಟಿಯಾಲ್ಕಿಡಾಸನ ರಾಯಭಾರಿಯಾಗಿ ಭಾಗಭದ್ರ ರಾಜನ ಬಳಿಗೆ ಬಂದವನು, ದೇವದೇವನಾದ ವಾಸುದೇವನಿಗೆ ಈ ಗರುಡಧ್ವಜವನ್ನು ಮಾಡಿಸಿದನೆಂದು ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ ಕೆತ್ತಲಾಗಿದೆ. ಅವನು ತನ್ನನ್ನು ಯೋನ (ಗ್ರೀಕ್) ದೂತನೆಂದೂ ಭಾಗವತನೆಂದೂ (ವಾಸುದೇವನ ಭಕ್ತ) ಒಂದೇ ಶಾಸನದಲ್ಲಿ ಕರೆದುಕೊಂಡಿದ್ದಾನೆ. ಎರಡರ ನಡುವೆ ಅವನಿಗೆ ತೊಡಕೇನೂ ಕಂಡಿಲ್ಲ.

ಇದಕ್ಕೆ ಎದುರು ದಿಕ್ಕಿನ ಉದಾಹರಣೆ ಅಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕಿದೆ. ನರಾತನ ಮಗ ಸೋಫಿಟಸ್ ಎಂಬ, ಭಾರತೀಯ ಮೂಲದ್ದೆಂದು ವಿದ್ವಾಂಸರು ಗುರುತಿಸುವ ಹೆಸರಿನ ವ್ಯಕ್ತಿ, ಹೋಮರನ ಪದಸಂಪತ್ತನ್ನು ಅರಗಿಸಿಕೊಂಡ ಗ್ರೀಕ್ ಪದ್ಯವೊಂದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ವಿಧಿವಶದಿಂದ ಮನೆತನ ಹಾಳಾಯಿತು, ತಾನು ಪರರಿಂದ ಹಣ ಪಡೆದು ವ್ಯಾಪಾರಕ್ಕೆಂದು ಅನೇಕ ಪಟ್ಟಣಗಳನ್ನು ತಿರುಗಿದೆ, ಸಂಪತ್ತಿನೊಡನೆ ಹಿಂದಿರುಗಿ ಬಿದ್ದುಹೋಗಿದ್ದ ಮನೆಯನ್ನೂ ಹಿರಿಯರ ಸಮಾಧಿಯನ್ನೂ ಹೊಸದಾಗಿ ಕಟ್ಟಿಸಿದೆ ಎಂದು ಅವನು ಅಲ್ಲಿ ಹೇಳಿಕೊಳ್ಳುತ್ತಾನೆ. ಆ ಪದ್ಯದ ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ ಓದಿದರೆ ‘ನರಾತನ ಮಗ ಸೋಫಿಟಸ್‌ನಿಂದ’ ಎಂಬ ಮಾತಾಗುತ್ತದೆ.